ಸರಳಾ ಮೇಡಂ ಕೊಟ್ಟ ದನಿ

ಸರಳಾ ಮೇಡಂ ಇಂಗ್ಲಿಷ್ ಓದುವುದನ್ನು ಕೇಳಿದವರು ಅವರದು ಯಾವ ಊರೆಂದು ವಿಚಾರಿಸದೆ ಬಿಡುವುದಿಲ್ಲ. ಗೌನಿಪಲ್ಲಿ ಪಕ್ಕದ ಹಳ್ಳಿ ಎಂದರೆ ನಂಬುವುದೂ ಇಲ್ಲ. ಆ ಕಡೆ ಮನೆಮಾತು ತೆಲುಗು, ಶಾಲೆಗೆ ಸೇರಿದ ಮೇಲೆ ಕನ್ನಡ. ಇಂಗ್ಲಿಷ್ ಏನಿದ್ದರೂ ಪರೀಕ್ಷೆಯ ಹೊತ್ತಿಗೆ ಬಂದು ಹೋಗುವ ಜ್ವರ.

ಅವರ ತಂದೆ ಕೊಂಡಪ್ಪನವರು ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಕ್ರೇಟುಗಳಿಗೆ ಹಣ್ಣು ತುಂಬುತ್ತಿದ್ದರು. ಹಣ್ಣಿನಡಿ ಹಾಸಲು ಬೆಂಗಳೂರಿನಿಂದ ಹಳೆಯ ಇಂಗ್ಲಿಷ್ ಪೇಪರಿನ ಕಟ್ಟುಗಳು ಬರುತ್ತಿದ್ದವು. ಹರಿಯದ ಹಾಳೆ ಕಂಡರೆ ಮಡಚಿಕೊಂಡು ಮಗಳಿಗೆ ತರುತ್ತಿದ್ದರು. ಹುಡುಗಿ ಜಗಲಿಯಲ್ಲಿ ಕೂತು, ರೇಡಿಯೊದ ಇಂಗ್ಲಿಷ್ ವಾರ್ತೆಯವರ ಹಾಗೆಯೇ ಬಾಯಿ ತಿರುಗಿಸಿ ಗಟ್ಟಿಯಾಗಿ ಓದುತ್ತಿದ್ದಳು. ಅವರೆಕಾಯಿ ಸುಲಿಯುತ್ತಿದ್ದ ತಾಯಿ ಬಚ್ಚಮ್ಮನಿಗೆ ಒಂದಕ್ಷರ ತಿಳಿಯದು. ಆದರೂ ಮಗಳು ನಿಲ್ಲಿಸಿದರೆ, "ಇಂಕಾ ಕೊಂಚೆಂ ಚದುವಮ್ಮಾ" ಎನ್ನುತ್ತಿದ್ದಳಂತೆ, ಇನ್ನೂ ಸ್ವಲ್ಪ ಓದಮ್ಮ ಎಂದು. ಆ ದನಿ ಕೇಳುವುದೇ ಆಕೆಗೊಂದು ಸುಖ.

ಇದೆಲ್ಲ ಅವರೇ ಹೇಳಿದ್ದು. ನಾನು ನರಸಿಂಹಪ್ಪ, ಸುಗಟೂರು ಕಡೆಯ ಪ್ರಾಥಮಿಕ ಶಾಲೆಯ ಮೇಷ್ಟ್ರು. ಇಂಗ್ಲಿಷಿಗೂ ನನಗೂ ಮೊದಲಿನಿಂದ ಅಷ್ಟಕ್ಕಷ್ಟೇ. ಆ ಕಾರಣಕ್ಕೇ ಸರಳಾ ಮೇಡಂ ಪಕ್ಕದಲ್ಲಿ ಕೂರುವ ಪ್ರಸಂಗ ಬಂದದ್ದು.

ಅವರು ಮೇಡಂ ಆಗಿ ಸೇರಿದ್ದು ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿ ಶಾಲೆಗೆ, ಕಂಕುಳಲ್ಲಿ ಹಸುಗೂಸು ಎತ್ತಿಕೊಂಡು. ಅಲ್ಲಿ ಗಂಗಾಲಕ್ಷ್ಮಿ ಎಂಬ ಹಿರಿಯ ಮೇಡಂ ಇದ್ದರು. ಗಂಡ ತೀರಿಕೊಂಡು ಒಂಟಿಯಾಗಿದ್ದವರು. ಸರಳಾ ಪಾಠ ಮಾಡುವಾಗ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡೇ ಈಕೆ ಇನ್ನೊಂದು ತರಗತಿಗೆ ಲೆಕ್ಕ ಹೇಳುತ್ತಿದ್ದರು. ಹಾಗೆ ಗಂಗಾಲಕ್ಷ್ಮಿ ಮೇಡಂ ಗಂಗಕ್ಕ ಆದರು. ಈ ಕಥೆ ನಡೆಯುವ ಹೊತ್ತಿಗೆ ಮಗು ಕಾಲೇಜಿಗೆ ಹೋಗುತ್ತಿತ್ತು, ಗಂಗಕ್ಕನ ನಿವೃತ್ತಿ ಹತ್ತಿರ ಬಂದಿತ್ತು.

ಕೆಲವು ವರ್ಷಗಳಿಂದ ನಮ್ಮ ತರಬೇತಿಗಳೆಲ್ಲ ಮೊಬೈಲಿಗೆ ಬಂದು ಕೂತಿವೆ. ವಿಡಿಯೊ ಅದರ ಪಾಡಿಗೆ ಓಡುತ್ತದೆ, ನಾವು ನಮ್ಮ ಪಾಡಿಗೆ ಮಕ್ಕಳಿಗೆ ಬಿಸಿಯೂಟ ಬಡಿಸುತ್ತೇವೆ. ಕೊನೆಯಲ್ಲಿ ಪ್ರಶ್ನೆ ಕೇಳುತ್ತಾರೆ. ಶಾಲೆಯಲ್ಲಿ ಯಾರಿಗೆ ಮೊಬೈಲು ಚೆನ್ನಾಗಿ ಬರುತ್ತದೋ ಅವರು ಎಲ್ಲರ ಪರವಾಗಿ ಒತ್ತುತ್ತಾರೆ, ಎಲ್ಲರಿಗೂ ಪ್ರಮಾಣಪತ್ರ ಬರುತ್ತದೆ. ಇದನ್ನು ಯಾರೂ ತಪ್ಪೆಂದುಕೊಂಡಿರಲಿಲ್ಲ. ಗಿರಣಿಗೆ ಹೋಗುವವರು ಪಕ್ಕದ ಮನೆಯ ರಾಗಿಯನ್ನೂ ಬೀಸಿಸಿಕೊಂಡು ಬಂದ ಹಾಗೆ, ಅಷ್ಟೇ. ಸರಳಾ ಮೇಡಂ ಗಂಗಕ್ಕನ ರಾಗಿಯನ್ನು ಹೀಗೆ ಎಷ್ಟೋ ಸಲ ಬೀಸಿಸಿದ್ದರು.

ಆಮೇಲೆ ಬಂತು ಮಾತಿನ ಪರೀಕ್ಷೆ. ಪರದೆಯ ಮೇಲೆ ಇಂಗ್ಲಿಷಿನ ಒಂದು ಪ್ಯಾರಾ ಬರುತ್ತದೆ, ಗಟ್ಟಿಯಾಗಿ ಓದಬೇಕು, ಯಂತ್ರ ಕೇಳಿ ಅಂಕ ಕೊಡುತ್ತದೆ. ಮನುಷ್ಯರು ಯಾರೂ ಕೇಳುವುದಿಲ್ಲ. ಕಡಿಮೆ ಬಂದರೆ ಕೋಲಾರದಲ್ಲಿ ಮೊದಲ ಹಂತದ ತರಬೇತಿ. ಹೆಚ್ಚು ಬಂದರೆ ಅದೇ ತರಬೇತಿಗೆ ಬೋಧಕರಾಗಿ ನೇಮಕ, ಆ ಪೈಕಿ ನಲವತ್ತೈದು ದಾಟದವರಿಗೆ ಬೆಂಗಳೂರಿನಲ್ಲಿ ಒಂದು ವರ್ಷದ ಇಂಗ್ಲಿಷ್ ಬೋಧನಾ ಕೋರ್ಸು. ಸರಳಾ ಮೇಡಂ ಆ ಕೋರ್ಸಿಗೆ ಎಷ್ಟು ಹಂಬಲಿಸಿದ್ದರೆಂದರೆ, ಅದರ ಹೆಸರು ತೆಗೆದರೆ ಈಗಲೂ ಮುಖ ತಿರುಗಿಸಿಕೊಳ್ಳುತ್ತಾರೆ. ವಯಸ್ಸಿನ ಲೆಕ್ಕದಲ್ಲಿ ಅವರಿಗೆ ಅದೇ ಕೊನೆಯ ವರ್ಷವಾಗಿತ್ತು.

ಗಂಗಕ್ಕ ಮಕ್ಕಳ ಮುಂದೆ ಇಂಗ್ಲಿಷ್ ಹೇಗೋ ನಿಭಾಯಿಸುತ್ತಿದ್ದರು. ಮೊಬೈಲಿನ ಮುಂದೆ ಮಾತ್ರ ನಾಲಿಗೆ ಒಣಗಿಹೋಯಿತು. ಇದ್ದದ್ದೇ ಮೂರು ಅವಕಾಶ. ಎರಡು ಸಲವೂ ಓದು ಸ್ಪಷ್ಟವಿಲ್ಲವೆಂದು ಯಂತ್ರ ಕೆಂಪು ತೋರಿಸಿತು. ಮೂರನೆಯದಕ್ಕೆ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಾ, "ರಿಟೈರ್ ಆಗೋ ವಯಸ್ನಲ್ಲಿ ನಂಗೆ ಇದೇನ್ ಗ್ರಹಚಾರ ಕಣೇ" ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಸರಳಾ ಮೇಡಂಗೆ ಯಂತ್ರದ ಮೇಲೆ ಸಿಟ್ಟು ಬಂತು. "ಕೊಡಕ್ಕ ಇಲ್ಲಿ" ಎಂದು ಮೊಬೈಲು ಕಿತ್ತುಕೊಂಡು ತಾವೇ ಓದಿಬಿಟ್ಟರು. ಮಾರನೆಯ ದಿನ ತಮ್ಮ ಹೆಸರಿನಲ್ಲಿ ತಮ್ಮ ಪರೀಕ್ಷೆ ಕೊಟ್ಟರು.

ಯಂತ್ರ ಒಮ್ಮೆ ಕೇಳಿದ ದನಿಯನ್ನು ಮರೆಯುವುದಿಲ್ಲ ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ಕೆಂಪು ತೋರಿಸಿದ ಓದನ್ನು ಅದು ಇಟ್ಟುಕೊಳ್ಳುವುದಿಲ್ಲ, ಸ್ಪಷ್ಟವಾಗಿ ಕೇಳಿದ ದನಿಯನ್ನು ಮಾತ್ರ ಮೊದಲು ಬಂದ ಹೆಸರಿಗೆ ಬರೆದುಕೊಂಡಿತ್ತು. ಗಂಗಕ್ಕನಿಗೆ ಜಿಲ್ಲೆಯಲ್ಲೇ ಮೇಲಿನ ಅಂಕ ಬಂತು. ಸರಳಾ ಮೇಡಂಗೆ ಬಂದದ್ದು, ನಿಮ್ಮ ದನಿ ಬೇರೊಬ್ಬ ಶಿಕ್ಷಕಿಯದು, ವಿಚಾರಣೆಗೆ ಬನ್ನಿ ಎಂಬ ಸಂದೇಶ. ತನ್ನ ಗಂಟಲಿನ ದನಿಯನ್ನೇ ಕದ್ದ ಮಾಲು ಎಂದು ಕೇಳಿಸಿಕೊಂಡರೆ ಹೇಗಾಗಬೇಡ!

ಕೋಲಾರದ ತರಬೇತಿ ಕೇಂದ್ರದಲ್ಲಿ ವಿಚಾರಣೆಗೆ ಕೂತಿದ್ದವರು ಭೀಮರಾಜ್ ಎಂಬ ಅಧಿಕಾರಿ. ಒಳ್ಳೆಯವರೇ. "ಮೇಡಂ, ಈ ಪ್ಯಾರಾ ಓದಿ. ನಿಮ್ದೇ ದನಿ ಅಂತ ಗೊತ್ತಾದ್ರೆ ನಿಮ್ ಅಂಕ ನಿಮಗೆ, ಕೋರ್ಸಿಗೂ ಹೋಗ್ಬಹುದು. ಆಮೇಲೆ ಆ ಇನ್ನೊಬ್ರನ್ನ ಕರೆಸಿ ನೋಡ್ಕೊತೀವಿ" ಎಂದರು.

ನೋಡಿಕೊಳ್ಳುವುದು ಎಂದರೇನೆಂದು ಸರಳಾ ಮೇಡಂಗೆ ಗೊತ್ತು. ಇಲಾಖಾ ತನಿಖೆ ಶುರುವಾದರೆ ಗಂಗಕ್ಕನ ಪಿಂಚಣಿ ತಡೆಯಾಗುತ್ತದೆ. ಅದನ್ನು ಬಿಟ್ಟರೆ ಆಕೆಗೆ ಬೇರೆ ಆಧಾರವಿಲ್ಲ. ಸರಳಾ ಮೇಡಂ ಕಾಗದ ಕೈಗೆ ತೆಗೆದುಕೊಂಡರು. ನಾಲ್ಕನೇ ತರಗತಿಯ ಮಗುವಿನ ಹಾಗೆ ಪದಪದಕ್ಕೂ ತಡವರಿಸಿ, ದಪ್ಪ ದನಿಯಲ್ಲಿ, ತಪ್ಪು ತಪ್ಪಾಗಿ ಓದಿದರು. ಎರಡನೆಯ ಸಾಲಿಗೆ ಭೀಮರಾಜ್ ಕೈ ಅಡ್ಡ ಹಿಡಿದರು. ಯಂತ್ರಕ್ಕೆ ಕೇಳಿಸುವ ಅಗತ್ಯವೂ ಅವರಿಗೆ ಕಾಣಲಿಲ್ಲ.

"ಗಂಗಾಲಕ್ಷ್ಮಿ ಮೇಡಂ ಓದಿದ್ದನ್ನ ಅವರಿಗೆ ಗೊತ್ತಿಲ್ದಂಗೆ ರೆಕಾರ್ಡ್ ಮಾಡ್ಕೊಂಡು ಹಾಕ್ದೆ ಸಾರ್, ತಪ್ಪಾಯ್ತು" ಎಂದು ಸರಳಾ ಮೇಡಂ ತಲೆ ತಗ್ಗಿಸಿದರು.

ನಿಜ ಹೇಳಬೇಕೆಂದರೆ, ಅವರ ಜಾಗದಲ್ಲಿ ನಾನಿದ್ದರೆ ಹೀಗೆ ಮಾಡುತ್ತಿರಲಿಲ್ಲ. ಭೀಮರಾಜ್ ಎಚ್ಚರಿಕೆ ಕೊಟ್ಟು, ಅವರನ್ನು ಮೊದಲ ಹಂತದ ತರಬೇತಿಗೆ ಹಾಕಿದರು. ಎಲ್ಲ ಸರಿಹೋಯಿತು ಎಂದಷ್ಟೇ ಸರಳಾ ಮೇಡಂ ಗಂಗಕ್ಕನಿಗೆ ಹೇಳಿದ್ದು. ಬೋಧಕಿಯಾಗಿ ಹೋಗಲಾರೆ ಎಂದು ಗಂಗಕ್ಕ ಹಟ ಹಿಡಿದಾಗ, "ಹೋಗ್ದಿದ್ರೆ ಯಾಕೆ ಅಂತ ಕೇಳ್ತಾರೆ. ಆಡಿಯೊ ಹಾಕು, ಎಲ್ಲರ ಕೈಲೂ ಹೇಳ್ಸು, ಅಷ್ಟೇ ಕಣಕ್ಕ" ಎಂದು ಒಪ್ಪಿಸಿದರು.

ತರಬೇತಿಯ ಮೊದಲ ದಿನ ನಾನು ಕೋಲಾರಕ್ಕೆ ಹೋದಾಗ ಖಾಲಿ ಇದ್ದದ್ದು ಮುಂದಿನ ಬೆಂಚು ಮಾತ್ರ. ಪಕ್ಕದಲ್ಲಿ ಸರಳಾ ಮೇಡಂ. ಬೋಧಕಿಯಾಗಿ ಒಳಗೆ ಬಂದ ಗಂಗಕ್ಕ ನಮ್ಮ ಬೆಂಚಿನ ಕಡೆ ನೋಡಿ ಕೈಯಲ್ಲಿದ್ದ ಮೈಕು ಬೀಳಿಸಿಕೊಂಡರು. ಸರಳಾ ಮೇಡಂ ಬೇಡ ಎಂಬಂತೆ ಕಣ್ಣಲ್ಲೇ ಸನ್ನೆ ಮಾಡಿದರು. ನನಗೇನು ಅರ್ಥವಾಗಬೇಕು? ವಯಸ್ಸಾದವರು, ಕೈಜಾರಿತು ಅಂದುಕೊಂಡೆ.

ದಿನವೂ ಒಂದೇ ಕ್ರಮ. ಯಂತ್ರದ ಪೆಟ್ಟಿಗೆಯಿಂದ ವಾಕ್ಯ ಬರುತ್ತದೆ, ಬೋಧಕಿ ಅದನ್ನು ಒಬ್ಬೊಬ್ಬರಿಂದ ಹೇಳಿಸುತ್ತಾರೆ. ನಮ್ಮೆಲ್ಲರಿಗಿಂತ ಕಡೆಯಾಗಿ ಹೇಳುತ್ತಿದ್ದವರು ಸರಳಾ ಮೇಡಂ. ಒಳ್ಳೆಯ ಇಂಗ್ಲಿಷ್ ಮಾತಾಡುವುದಕ್ಕಿಂತ ಕೆಟ್ಟದ್ದನ್ನು ದಿನವಿಡೀ ತಪ್ಪದೆ ಮಾತಾಡುವುದು ಕಷ್ಟ ಎಂದು ಆಮೇಲೆ ನನಗೆ ಹೇಳಿದರು. ಮನೆಗೆ ಹೋಗಿ ಪೇಪರು ಹಿಡಿದರೆ ನಾಲಿಗೆ ತಾನಾಗಿ ತಡವರಿಸುತ್ತಿತ್ತಂತೆ. ಇನ್ನು ಹೀಗೇ ಉಳಿದುಬಿಟ್ಟರೆ ಎಂದು ಹೆದರಿಕೆಯಾಯಿತಂತೆ.

ಒಂದು ದಿನ ಭೀಮರಾಜ್ ನಮ್ಮ ಪ್ರಗತಿ ನೋಡಲು ಬಂದು ಹಿಂದಿನ ಸಾಲಿನಲ್ಲಿ ಕೂತರು. ಸರಳಾ ಮೇಡಂ ಸರದಿ ಬಂತು. ಮಕ್ಕಳು ಹೊರಗೆ ಕಾಯುತ್ತಿದ್ದಾರೆ ಎಂಬ ಅರ್ಥದ ಸುಲಭ ವಾಕ್ಯ. ಅವರು ಎಲ್ಲೆಲ್ಲೋ ಮುರಿದು ಹೇಳಿದರು. ಹಿಂದಿನಿಂದ ಯಾರೋ ಅದನ್ನೇ ಅಣಕಿಸಿದರು, ಕೋಣೆಯೆಲ್ಲ ನಕ್ಕಿತು. ನನಗೆ ಮೈ ಉರಿದುಹೋಯಿತು. ತಾವೇನು ಇಂಗ್ಲೆಂಡಿನಲ್ಲಿ ಹುಟ್ಟಿದವರಾ!

"ಮೇಡಂ, ಇವ್ರು ತುಂಬಾ ವೀಕು. ಇನ್ನೊಂದ್ಸಲ ಹೇಳ್ಸಿ" ಎಂದರು ಭೀಮರಾಜ್.

ಗಂಗಕ್ಕ ಹೇಳಿಸಿದರು. ಸರಳಾ ಮೇಡಂ ಮತ್ತೆ ತಪ್ಪಿದರು. ಮತ್ತೆ ನಗು.

"ಇನ್ನೊಂದ್ಸಲ."

ಗಂಗಕ್ಕ ಹೇಳಿಸಲಿಲ್ಲ. ಮೈಕನ್ನು ಮೇಜಿನ ಮೇಲಿಟ್ಟು, ಕೈ ಮುಗಿದು, ಕನ್ನಡದಲ್ಲೇ ಹೇಳಿದರು. "ಸಾರ್, ನಿಲ್ಸಿ. ಪರೀಕ್ಷೆಲಿ ನನ್ ಹೆಸ್ರಲ್ಲಿ ಓದಿದ್ದು ಈ ಹುಡ್ಗಿ. ಅದು ಅವಳ ದನಿ, ನಂದಲ್ಲ. ನನ್ನ ಉಳಿಸಕ್ಕೆ ಹಿಂಗೆ ಓದ್ತಾವಳೆ."

ಭೀಮರಾಜ್ ಎದ್ದು ಬಂದು ಸರಳಾ ಮೇಡಂ ಮುಂದೆ ಪುಸ್ತಕ ಇಟ್ಟು, "ನಿಜವಾಗಿ ಓದಿ" ಎಂದರು. ಅವರು ಪುಸ್ತಕ ಹತ್ತಿರಕ್ಕೆ ಎಳೆದುಕೊಂಡು ಓದಿದರು. ಅಂಥ ಇಂಗ್ಲಿಷನ್ನು ಅಷ್ಟು ಹತ್ತಿರದಿಂದ ನಾನು ಕೇಳಿರಲಿಲ್ಲ. ಅರ್ಥ ಪೂರ್ತಿ ಆಗದಿದ್ದರೂ ಇನ್ನೂ ಸ್ವಲ್ಪ ಓದಲಿ ಅನ್ನಿಸಿತು. ನಕ್ಕವರೆಲ್ಲ ನೆಲ ನೋಡುತ್ತಿದ್ದರು.

ನಿಯಮ ಮಾತ್ರ ನಿಯಮವೇ. ಇಬ್ಬರ ಮೇಲೂ ತನಿಖೆ ಶುರುವಾಯಿತು. ಗಂಗಕ್ಕ ನಿವೃತ್ತರಾದರು, ಪಿಂಚಣಿ ಇನ್ನೂ ಪೂರ್ತಿ ಕೈ ಸೇರಿಲ್ಲ. ಸರಳಾ ಮೇಡಂ ತನಿಖೆ ಮುಗಿಯುವಷ್ಟರಲ್ಲಿ ಕೋರ್ಸಿನ ವಯಸ್ಸು ದಾಟಿತು. ಈಗಲೂ ಅದೇ ಶಾಲೆಯಲ್ಲಿ ಪಾಠ ಮಾಡುತ್ತಿದ್ದಾರೆ. ಯಂತ್ರದಲ್ಲಿ ಆ ದನಿ ಇನ್ನೂ ಗಂಗಕ್ಕನ ಹೆಸರಿಗೇ ಇದೆಯಂತೆ, ಬದಲಾಯಿಸುವ ದಾರಿ ಯಾರಿಗೂ ಗೊತ್ತಿಲ್ಲ.

ಇದೆಲ್ಲ ಆಮೇಲಿನ ಮಾತು. ಆ ಸಂಜೆ ಮುಳಬಾಗಿಲು ಬಸ್ಸಿಗೆ ಕಾಯುವಾಗ ಸರಳಾ ಮೇಡಂ ಗಂಗಕ್ಕನ ಮೇಲೆ ಹರಿಹಾಯ್ದರು. ಸಿಟ್ಟಿನಲ್ಲಿ ಮನೆಮಾತೇ ಬಂತು. "ಎಂದುಕು ಚೆಪ್ಪಿನಾವಕ್ಕಾ? ಯಾಕ್ ಹೇಳ್ದೆ? ಟ್ರೈನಿಂಗ್ ಮುಗಿಯಕ್ಕೆ ಇನ್ನೆರಡು ದಿನ ಇತ್ತು. ನನ್ ಕೋರ್ಸಂತೂ ಹೋಯ್ತು, ನಿಂದಾದ್ರೂ ಉಳೀತಿತ್ತಲ್ಲ! ನಾನು ತಡ್ಕೊಂಡಿದ್ನಲ್ಲ!"

ಗಂಗಕ್ಕ ಬ್ಯಾಗನ್ನು ಎದೆಗೆ ಅವುಚಿಕೊಂಡು ನಿಂತಿದ್ದರು. "ನೀನು ತಡ್ಕೊಂಡೆ ಕಣೇ. ಆದ್ರೆ ಇನ್ನೊಂದ್ಸಲ, ಇನ್ನೊಂದ್ಸಲ ಅಂತ ನಿನ್ ಬಾಯಲ್ಲಿ ತಪ್ಪು ಹೇಳ್ಸೋಳು ನಾನು. ಅದು ನನ್ ಕೈಲಿ ಆಗ್ಲಿಲ್ಲ" ಎಂದರು.

ವಿಚಾರಣೆಯಲ್ಲಿ ಅಳದ, ಅಷ್ಟು ಜನ ನಕ್ಕಾಗಲೂ ಅಳದ ಸರಳಾ ಮೇಡಂ ಆಗ ಅತ್ತರು.