ಅತ್ತೆಯನ್ನು ಬ್ಯಾಟರಿಗೆ ಕಟ್ಟಿದವರು

ಆ ದಿನ ಮಧ್ಯಾಹ್ನವೆಲ್ಲ ನನ್ನ ಯಜಮಾನರು ಟ್ಯಾಕ್ಸಿಯ ಬಾನೆಟ್ಟಿನೊಳಗೆ ತಲೆ ತೂರಿಸಿಕೊಂಡಿದ್ದರು. ನನಗೆ ಅವರ ಮುಖ ಕಂಡದ್ದು ಎರಡೇ ಸಲ, ಟೀ ಕುಡಿಯುವಾಗ ಮತ್ತು ಬಯ್ಯುವಾಗ. ಬಯ್ದದ್ದು ಟೇಪಿನ ಸುರುಳಿ ಸಿಗಲಿಲ್ಲವೆಂದು. ಅದು ಅವರ ಮುಂಗೈಯಲ್ಲೇ ಬಳೆಯ ಹಾಗೆ ನೇತಾಡುತ್ತಿತ್ತು.

ಅವರು ಕಾರಿನ ಎಲೆಕ್ಟ್ರಿಷಿಯನ್. ಅಂಗಡಿ ಎಂದರೆ ನಮ್ಮ ಮನೆಯ ಮುಂದಿನ ತಗಡಿನ ಚಾವಣಿ. ಟ್ಯಾಕ್ಸಿಯವನು ನಮ್ಮ ಬೀದಿಯವನೇ. ಅವನ ಗಾಡಿ ಸಿಗ್ನಲ್ಲಿನಲ್ಲಿ ನಿಂತರೆ ಕುದಿಯುತ್ತಿತ್ತು. ಅದಕ್ಕೆ ಎರಡು ಸ್ಪೀಡಿನ ಫ್ಯಾನ್ ಕೂರಿಸಬೇಕಿತ್ತು. ನೀರು ಬಿಸಿಯಾದರೆ ಮೊದಲು ನಿಧಾನ, ಇನ್ನೂ ಏರಿದರೆ ಜೋರು.

ನಾನು ಓದಿದ್ದು ಮೂರನೇ ಕ್ಲಾಸು. ಮದುವೆಯಾದ ಹೊಸದರಲ್ಲಿ ವೈರು ಹಿಡಿಯಲು ಕರೆದು, ಮೂವತ್ತು, ಎಂಬತ್ತೈದು, ಎಂಬತ್ತೇಳು ಎಂದು ರಿಲೇಯ, ಅಂದರೆ ಕರೆಂಟು ಹಾಯಿಸಿ ನಿಲ್ಲಿಸುವ ಪುಟ್ಟ ಡಬ್ಬಿಯ, ನಂಬರು ಹೇಳುತ್ತಿದ್ದರು. ನನ್ನ ತಲೆಗೆ ಹತ್ತುತ್ತಿರಲಿಲ್ಲ. ಒಂದು ದಿನ ಸಾಕಾಗಿ ವೈರುಗಳಿಗೆ ಚೀಟಿ ಅಂಟಿಸಿ ನೆಂಟರ ಹೆಸರು ಬರೆದರು. ಅಕ್ಷರ ಕೂಡಿಸಿ ಓದಿದೆ. ಬ್ಯಾಟರಿಯಿಂದ ನೇರ ಬರುವ ವೈರು 'ಅತ್ತೆ', ಅಂದರೆ ನನ್ನಮ್ಮ.

"ನಮ್ಮಮ್ಮ ನಿಮಗೇನು ಮಾಡಿದ್ರು?" ಎಂದೆ.

"ಕೀ ತೆಗೆದ್ರೂ ಅವರಲ್ಲಿ ಕರೆಂಟು ಹೋಗಲ್ಲ ಕಣೇ. ಮುಟ್ಟೋ ಮುಂಚೆ ಹುಷಾರಾಗಿರ್ಲಿ ಅಂತ."

ಅರ್ಥಿನ ವೈರು 'ಮಾವ'. ಎಲ್ಲರದ್ದೂ ಕೊನೆಗೆ ಅಲ್ಲಿಗೇ ಹೋಗಬೇಕು, ಅವರು ಮಾತ್ರ ತುಟಿ ಬಿಚ್ಚುವುದಿಲ್ಲ. ಫ್ಯಾನಿನ ನಿಧಾನದ ವೈರು 'ನಾನು', ಅಂದರೆ ಅವರು. ಜೋರಿನದು 'ನೀನು', ಅಂದರೆ ನಾನು. ರೇಡಿಯೇಟರಿನ ಬಿಸಿ ನೋಡುವ ಸ್ವಿಚ್ಚಿನಿಂದ ಬರುವ ಎರಡು ವೈರುಗಳು ಅವರ 'ಅಕ್ಕ' ಮತ್ತು 'ತಂಗಿ'. ಇಬ್ಬರ ಕೆಲಸವೂ ಒಂದೇ, ಬಿಸಿಯಾಯಿತೆಂದು ದೂರು ಹೇಳುವುದು. ಇಪ್ಪತ್ತು ವರ್ಷ ಇದೇ ನಡೆಯಿತು. ಬಣ್ಣದ ವೈರು ತರುವುದನ್ನೇ ಬಿಟ್ಟರು. ಎಲ್ಲ ಕಪ್ಪು.

ಆ ದಿನ ಸಂಜೆ ಹೊತ್ತಿಗೆ ಟ್ಯಾಕ್ಸಿಯಲ್ಲಿ ಅಕ್ಕ ತಂಗಿಯರನ್ನು ಬಿಟ್ಟು ಉಳಿದವರೆಲ್ಲ ತಂತಮ್ಮ ಜಾಗದಲ್ಲಿದ್ದರು. ಅವರಿಬ್ಬರನ್ನು ನಾಳೆ ನೋಡಿಕೊಳ್ಳುತ್ತೇನೆ ಎಂದು ಕೈ ತೊಳೆದರು.

ಮರುದಿನ ಬೆಳಿಗ್ಗೆ ಹಲ್ಲುಜ್ಜಲು ಕೂತವರು ಹಾಗೇ ಗೋಡೆಗೆ ಒರಗಿದರು. ಎದೆಬಡಿತ ನಿಂತಿತ್ತು. ಬ್ರಷ್ಷು ಬಾಯಲ್ಲೇ ಇತ್ತು. ನಾನೇ ತೆಗೆದೆ.

ಟ್ಯಾಕ್ಸಿಯವನು ಎರಡು ವಾರ ತಡೆದ. ಪಾಪ, ಅವನದೂ ಹೊಟ್ಟೆಪಾಡು. ಆಮೇಲೆ ಮುಖ್ಯರಸ್ತೆಯ ಎಲೆಕ್ಟ್ರಿಷಿಯನ್‌ನನ್ನು ಕರೆತಂದು, ನನ್ನ ಮುಖ ನೋಡಲಾರದೆ ಟೈರು ನೋಡುತ್ತ ನಿಂತ. ಬಂದವನು ತಲೆಯ ಟೋಪಿ ಹಿಂದಕ್ಕೆ ತಳ್ಳಿ, ಬಾನೆಟ್ ಎತ್ತಿ, ಚೀಟಿಗಳನ್ನು ಒಂದೊಂದಾಗಿ ಓದಿದ.

"ಅಕ್ಕಾ, ಇದು ವೈರಿಂಗೋ ವಂಶಾವಳಿಯೋ?"

ಎಲ್ಲ ಕತ್ತರಿಸಿ ಹೊಸದು ಎಳೆಯುತ್ತೇನೆ ಎಂದು ಕಟರ್ ತೆಗೆದ. ಅವರ ಕೈಯ ಕೊನೆಯ ಕೆಲಸ ಅದು. ಕಿತ್ತು ಗುಜರಿಗೆ ಹಾಕಿದರೆ, ಅವರಿಗೆ ಕೆಲಸವೇ ಬರುತ್ತಿರಲಿಲ್ಲ ಎಂದು ನಾಳೆ ಬೀದಿಯೆಲ್ಲ ಅನ್ನುತ್ತದೆ. ಉಳಿದದ್ದನ್ನು ನಾನೇ ಮುಗಿಸುತ್ತೇನೆ ಎಂದೆ.

"ನಿಮಗೆ ಬರುತ್ತಾ?"

"ನಮ್ಮ ನೆಂಟರು ನನಗಿಂತ ನಿಮಗೆ ಚೆನ್ನಾಗಿ ಗೊತ್ತಾ?"

ಅವನು ನಕ್ಕ. ಫ್ಯಾನ್ ಸರಿಯಾಗಿ ತಿರುಗದಿದ್ದರೆ ಕಟರ್ ಹಾಕುವುದೇ ಸೈ ಎಂದ.

ಬ್ಯಾಟರಿಯ ಕ್ಲಾಂಪು ಬಿಚ್ಚಿ ಮೊದಲು ಅಮ್ಮನನ್ನು ಸುಮ್ಮನಾಗಿಸಿದೆ. ಆಕೆ ಸುಮ್ಮನಾದದ್ದು ಅದೊಂದು ಕಡೆ ಮಾತ್ರ. ಎರಡು ರಿಲೇಗಳಿದ್ದವು, ಒಂದು ಅವರದು, ಒಂದು ನನ್ನದು. ಅಕ್ಕ ತಂಗಿಯರನ್ನು ಸೇರಿಸುವಾಗ ಮಾತ್ರ ಅವರು ನನ್ನನ್ನು ಕರೆಯುತ್ತಿರಲಿಲ್ಲ. ದೊಡ್ಡವರಿಗೆ ಮೊದಲ ಮರ್ಯಾದೆ ಎಂದು ಅಕ್ಕನನ್ನು ಅವರ ರಿಲೇಗೆ ಸಿಕ್ಕಿಸಿ, ತಂಗಿಯನ್ನು ನನ್ನದಕ್ಕೆ ಹಾಕಿದೆ. ಬ್ಯಾಟರಿ ಕೂಡಿಸಿ, ಬೇಗ ಬಿಸಿಯಾಗಲೆಂದು ರೇಡಿಯೇಟರಿನ ಅರ್ಧಕ್ಕೆ ರಟ್ಟು ಅಡ್ಡ ಇಟ್ಟು, ಟ್ಯಾಕ್ಸಿಯವನಿಂದ ಎಂಜಿನ್ ಸ್ಟಾರ್ಟ್ ಮಾಡಿಸಿದೆ. ಬಿಸಿ ತೋರಿಸುವ ಮುಳ್ಳು ಏರಿತು. ಫ್ಯಾನ್ ಒಮ್ಮೆಲೇ ಜೋರಿನಲ್ಲೇ ಭರ್ರೆಂದು, ಬಗ್ಗಿದ್ದ ಎಲೆಕ್ಟ್ರಿಷಿಯನ್‌ನ ಟೋಪಿ ಹಾರಿಸಿತು. ನಿಧಾನದ್ದು ಬರಲೇ ಇಲ್ಲ.

ತಲೆಕೆಳಗಾಗಿದೆ ಎಂದ ಅವನು. ಒಂದು ಕೈ ಟೋಪಿ ಎತ್ತಿಕೊಂಡಿತು, ಇನ್ನೊಂದು ಕಟರ್ ಎತ್ತಿಕೊಂಡಿತು.

ನಾನು ಚೀಟಿಗಳನ್ನೇ ನೋಡಿದೆ. ನಾನು ಹಿಡಿದದ್ದು ವಯಸ್ಸು, ಅವರು ಹಿಡಿದದ್ದು ಸ್ವಭಾವ. ನನ್ನ ದೊಡ್ಡ ನಾದಿನಿ ಪೂರ್ತಿ ಕುದಿಯುವ ತನಕ ಬಾಯಿ ಬಿಡುವವಳಲ್ಲ. ಚಿಕ್ಕವಳಿಗೆ ಸ್ವಲ್ಪ ಬೆಚ್ಚಗಾದರೆ ಸಾಕು. ಅಣ್ಣ ಹೋದ ದಿನ ಅತ್ತು ಕಣ್ಣೊರೆಸಿಕೊಳ್ಳುವ ಮೊದಲೇ ಟೀಗೆ ಸಕ್ಕರೆ ಸಾಲದು ಎಂದವಳು ಅವಳು.

"ಮೊದಲು ದೂರೋದು ತಂಗಿ. ಅಕ್ಕ ಆಮೇಲೆ," ಎಂದೆ.

ಅವನು ಕಟರ್ ಹಿಡಿದೇ ನಿಂತ. ಎಂಜಿನ್ ಆಫ್ ಮಾಡಿಸಿ, ಆರುವ ತನಕ ಕಾದು, ಅಮ್ಮನ ಬಾಯಿ ಮತ್ತೊಮ್ಮೆ ಮುಚ್ಚಿಸಿ, ನಾದಿನಿಯರ ಜಾಗ ಅದಲುಬದಲು ಮಾಡಿದೆ.

ಈ ಸಲ ಫ್ಯಾನ್ ಮೆಲ್ಲಗೆ ತಿರುಗಿತು. ಅವರ ವೈರು. ಟ್ಯಾಕ್ಸಿಯವನು ಆಕ್ಸಿಲರೇಟರ್ ಒತ್ತಿ ಹಿಡಿದ. ಬಿಸಿ ಏರಿದ ಮೇಲೆ ನನ್ನದೂ ಭರ್ರೆಂದಿತು. ಎಲೆಕ್ಟ್ರಿಷಿಯನ್ ಟೋಪಿಯನ್ನು ಮೊದಲೇ ಜೇಬಿಗೆ ಹಾಕಿದ್ದ. ಈಗ ಕಟರನ್ನೂ ಹಾಕಿಕೊಂಡ. ಯಾವ ಪುಸ್ತಕದಲ್ಲೂ ಇಂಥದ್ದು ಇಲ್ಲ ಎಂದು ಗೊಣಗುತ್ತ ಹೋದ.

ಗಾಡಿ ಈಗ ಕುದಿಯುವುದಿಲ್ಲ. ಆದರೆ ಟ್ಯಾಕ್ಸಿಯವನು ಮಹಾ ಸೋಮಾರಿ, ನೀರು ನೋಡುವುದಿಲ್ಲ. ನೀರಿಳಿದು ಗಾಡಿ ಕುದಿದರೆ ಜನ ಬಯ್ಯುವುದು ಫ್ಯಾನಿಗೆ, ಫ್ಯಾನ್ ಕೂರಿಸಿದವರಿಗೆ. ಅದಕ್ಕೆ ಅವನಿಂದ ಇನ್ನೊಂದು ಕೀ ಇಸಿದುಕೊಂಡಿದ್ದೇನೆ. ದಿನಾ ಬೆಳಿಗ್ಗೆ ಅವನು ಏಳುವ ಮೊದಲು, ಎಂಜಿನ್ ತಣ್ಣಗಿರುವಾಗ, ಬಾನೆಟ್ ಎತ್ತಿ, ನೀರಿನ ಡಬ್ಬಿಯ ಮುಚ್ಚಳ ತಿರುಗಿಸಿ, ಗೆರೆ ಮುಟ್ಟುವ ತನಕ ಚೊಂಬಿನಿಂದ ಹುಯ್ಯುತ್ತೇನೆ.