ಯಾರೂ ಮುಟ್ಟದ ಕೈ

ಸಿರುಗುಪ್ಪದ ಮೂಕಪ್ಪ ಕುಸ್ತಿಯಿಂದಲೇ ಹೊಟ್ಟೆ ಹೊರೆಯುತ್ತಿದ್ದ ಪೈಲ್ವಾನ. ದರ್ಜಿ ಎರ್ರೆಪ್ಪನ ಜೊತೆ ಒಂದೇ ಮನೆಯಲ್ಲಿ ಗಂಡಹೆಂಡಿರಂತೆ ಒಂಬತ್ತು ವರ್ಷ ಬಾಳಿದ್ದ. ಅದು ಊರಿಗೆಲ್ಲ ಗೊತ್ತಿತ್ತು, ಯಾರೂ ಬಾಯಿ ಬಿಟ್ಟಿರಲಿಲ್ಲ. ಕುರುಗೋಡಿನ ಕುಸ್ತಿ ಕಮಿಟಿಯ ಉಜ್ಜಿನಪ್ಪನ ಅಳಿಯನನ್ನು ಅವನು ಚಿತ್ ಮಾಡಿದ ಮೇಲೆ ಎಲ್ಲರ ಕಣ್ಣೂ ಒಮ್ಮೆಲೇ ತೆರೆಯಿತು. ಅಂಥವನ ಮೈ ಮುಟ್ಟಿ ಆಡಬೇಡಿ ಎಂದು ಉಜ್ಜಿನಪ್ಪ ಪೈಲ್ವಾನರ ಮನೆಮನೆಗೆ ಹೇಳಿಕಳಿಸಿದ. ನನ್ನ ಮನೆಗೂ ಆ ಮಾತು ಬಂತು. ನಾನು ಮೂಕಪ್ಪನ ತೂಕದವನು. ಅವನೊಡನೆ ಏಳು ಸಲ ಹಿಡಿದು ಏಳೂ ಸಲ ಮಣ್ಣು ಮುಕ್ಕಿದವನು.

ಎಪ್ಪತ್ತಮೂರರ ಯುಗಾದಿಯ ಮರುದಿನ ಕುರುಗೋಡಿನಲ್ಲಿ ಕುಸ್ತಿ. ನಮ್ಮಲ್ಲಿ ಪದ್ಧತಿಯೊಂದಿದೆ: ಹಲಗೆ ಬಡಿತಕ್ಕೆ ಪೈಲ್ವಾನ ಕೈ ಚಾಚಿ ಅಖಾಡ ಸುತ್ತುತ್ತಾನೆ, ಆಡುವವನು ಆ ಕೈ ಮುಟ್ಟಬೇಕು. ಮೂರು ಸುತ್ತಾದರೂ ಯಾರೂ ಮುಟ್ಟದಿದ್ದರೆ ಗೆದ್ದವನಿಗೆ ಕೊಡುವ ಬೆಳ್ಳಿ ಕಡಗ ಅವನದೇ. ಮೂಕಪ್ಪ ಮೂರನೆಯ ಸುತ್ತಿಗೆ ನನ್ನೆದುರು ನಿಂತ.

"ಕೊಟ್ಟೂರಪ್ಪ, ಕೈ ಮುಟ್ಟೋ. ನಾ ಕಡಗಕ್ಕ ಬಂದಿಲ್ಲ, ಆಡಾಕ ಬಂದೀನಿ."

ನಾನು ಎರಡೂ ಕೈ ಬಗಲಲ್ಲಿ ಸಿಕ್ಕಿಸಿಕೊಂಡೆ. ಇವತ್ತಿಗೂ ನನಗೆ ಅದರ ನಾಚಿಕೆ ಹೋಗಿಲ್ಲ.

ಅವಮಾನ ಮಾಡುವ ಭರದಲ್ಲಿ ಕಮಿಟಿಯವರು ಕೂತ ಕೊಂಬೆಯನ್ನೇ ಕಡಿದುಕೊಂಡಿದ್ದರು. ಪದ್ಧತಿಯಂತೆ ಗೆದ್ದವನು ಮೂಕಪ್ಪ. ಕಡಗ ಕೊಡುವುದಿಲ್ಲವೆಂದರು. ಅವನು ಬಳ್ಳಾರಿಯಲ್ಲಿ ಕೇಸು ಹಾಕಿದ. ನಾಲ್ಕು ವರ್ಷ ವಾಯಿದೆಯ ಮೇಲೆ ವಾಯಿದೆ. ಎದುರು ವಕೀಲ ಎರ್ರೆಪ್ಪನ ವಿಷಯ ಕೆದಕಿದಾಗ ಮೂಕಪ್ಪ ತಲೆ ತಗ್ಗಿಸಲಿಲ್ಲ. "ಒಂದ ಮನ್ಯಾಗ ಇರೋದು ಖರೇರಿ. ಅದಕ್ಕೂ ಕುಸ್ತಿಗೂ ಏನ್ ಸಂಬಂಧ?" ಎಂದ. ಮುದುಕರು ಪದ್ಧತಿಗೆ ಸಾಕ್ಷಿ ಹೇಳಿದರು, ಮೂಕಪ್ಪ ಕೇಸು ಗೆದ್ದ. ಉಜ್ಜಿನಪ್ಪ ಕಡಗವನ್ನು ತಟ್ಟೆಯಲ್ಲಿಟ್ಟು ಅವನ ಕಡೆ ದೂಡಿದ. ಆಮೇಲೆ ಯಾವ ಊರಿನವರೂ ಅವನನ್ನು ಕುಸ್ತಿಗೆ ಕರೆಯಲಿಲ್ಲ. ಅಕ್ಕಿ ಗಿರಣಿಯಲ್ಲಿ ಚೀಲ ಹೊತ್ತ.

ತೀರ್ಪಿನ ಸುದ್ದಿ ಹೇಗೋ ಜೋಗಪ್ಪಗಳಿಗೆ ಮುಟ್ಟಿತು. ಗಂಡಾಗಿ ಹುಟ್ಟಿ ಎಲ್ಲಮ್ಮನ ಹೆಸರಲ್ಲಿ ಸೀರೆ ಉಟ್ಟವರು. ಮಂಗಳವಾರ ಅವರ ಕಾಲಿಗೆ ಬೀಳುವ ಜನವೇ ರೇಷನ್ ಕಾರ್ಡು ಕೇಳಿದರೆ ಅಟ್ಟುತ್ತಿದ್ದರು. ಅವರಲ್ಲಿ ಹಿರಿಯಳಾದ ಯಂಕಮ್ಮ ಬಂದು, ಕೋರ್ಟಿನಲ್ಲಿ ನಿಂತು ಬಾಯಿ ಬಿಟ್ಟವನು ನೀನೊಬ್ಬನೇ, ಕಾರ್ಡು ಕೇಳಲು ನಮ್ಮ ಜೊತೆ ತಾಲೂಕು ಕಚೇರಿಗೆ ಬಾ ಎಂದಳು. ಮೂಕಪ್ಪನಿಗೆ ಮನಸ್ಸಿರಲಿಲ್ಲ, ಆದರೂ ಹೋದ. ಎಂಟು ವರ್ಷ ಅದೇ ಬೆಂಚು, ನಾಳೆ ಬಾ ಎನ್ನುವ ಅದೇ ಮಾತು. ಎಂಬತ್ತೈದರಲ್ಲಿ ಹನ್ನೊಂದು ಮಂದಿಗೆ ಕಾರ್ಡು ಸಿಕ್ಕಿತು.

ಆ ವಾರವೇ ಮೂಕಪ್ಪ ಬಳ್ಳಾರಿ ಬಸ್‌ಸ್ಟ್ಯಾಂಡಿನಲ್ಲಿ ನನಗೆ ಸಿಕ್ಕ. ನೀನು ದೊಡ್ಡ ಕೆಲಸ ಮಾಡಿದೆ ಎಂದೆ.

"ಅವರಿಗೆ ಸಿಕ್ತು, ಚಲೋ ಆತು. ನನಗ ಕುಸ್ತಿ ಬೇಕಾಗಿತ್ತಪಾ," ಎಂದ.

ನಾನು ಕೈ ಚಾಚಿದೆ. ಅವನು ಅದನ್ನು ನೋಡಿದ. ಆಮೇಲೆ ತನ್ನ ಎರಡೂ ಕೈ ಬಗಲಲ್ಲಿ ಸಿಕ್ಕಿಸಿಕೊಂಡು ಸಿರುಗುಪ್ಪದ ಬಸ್ಸಿನ ದಾರಿ ನೋಡುತ್ತ ನಿಂತ.