ಮೆತ್ತನೆಯ ಬುಷ್

ನನ್ನ ಗಂಡನ ಬೆನ್ನುಮೂಳೆಗೆ ಕ್ಷಯ ತಗುಲಿದೆ ಎಂದು ಗೊತ್ತಾಗುವ ಹೊತ್ತಿಗೆ ಅವರ ಎರಡೂ ಕಾಲು ಜೋಮು ಹಿಡಿದಿದ್ದವು. ಆಪರೇಷನ್ ಆಯಿತು. ಕೂರಬಾರದು, ಬಗ್ಗಬಾರದು, ಮಲಗಿಕೊಂಡೇ ಇರಬೇಕು, ಆದರೆ ವಾರಕ್ಕೆರಡು ಸಲ ಆಸ್ಪತ್ರೆಗೆ ಬರಬೇಕು ಎಂದರು ಡಾಕ್ಟರು. ಮಲಗಿಕೊಂಡೇ ಬರುವುದು ಹೇಗೆ ಎಂದು ಕೇಳಿದೆ. ಅವರು ಮುಂದಿನ ತಾರೀಖು ಬರೆದ ಚೀಟಿ ನನ್ನ ಕೈಗಿಟ್ಟರು.

ನಾವಿದ್ದದ್ದು ವೈಟ್‌ಫೀಲ್ಡ್ ಹತ್ತಿರದ ಪಟ್ಟಂದೂರು ಅಗ್ರಹಾರದ ಒಂದು ಬಾಡಿಗೆ ಮನೆಯಲ್ಲಿ. ಆ ಗಲ್ಲಿಯೊಳಗೆ ಆಂಬುಲೆನ್ಸ್ ತಿರುಗುತ್ತಿರಲಿಲ್ಲ. ಆಟೋದಲ್ಲಿ ಮಲಗಲಾಗದು. ಉಳಿದದ್ದು ಅವರ ಹಳೆಯ ಜೀಪು. ಅದನ್ನು ಅವರು ಸೆಕೆಂಡ್ ಹ್ಯಾಂಡ್ ಕೊಂಡಿದ್ದು ಸಂಸಾರಕ್ಕಲ್ಲ. ಭಾನುವಾರ ಬಂತೆಂದರೆ ಗೆಳೆಯರ ಜೊತೆ ಹೊರಟು, ಊರಾಚೆಯ ಕೆಸರು, ಬಂಡೆ, ಹಳ್ಳಗಳಲ್ಲಿ ಅದನ್ನು ಹತ್ತಿಸಿ ಇಳಿಸಿ, ಮೈತುಂಬ ಮಣ್ಣು ಮಾಡಿಕೊಂಡು ನಗುತ್ತಾ ಬರುತ್ತಿದ್ದರು. ಮದುವೆಯಾದ ಹೊಸದರಲ್ಲಿ ನನಗೂ ಅದರಲ್ಲೇ ಡ್ರೈವಿಂಗ್ ಕಲಿಸಿದ್ದರು.

ಹಿಂದಿನ ಬೆಂಚುಗಳನ್ನು ಕಳಚಿ ಹಾಸಿಗೆ ಹಾಸಿದೆ. ಮನೆ ಓನರೂ ಅವರ ತಮ್ಮನೂ ಒಂದು ಹಲಗೆಯ ಮೇಲೆ ಇವರನ್ನು ಎತ್ತಿ ತರುತ್ತಿದ್ದರು. "ಇಂಗೆ ತಿರುಗ್ಸೋ, ತಲೆ ತಗುಲ್ತದೆ" ಎಂದು ಓನರು ತಮ್ಮನನ್ನು ಗದರುವುದು ಕೇಳಿದರೆ ಸಾಕು, ಮುಂದಿನ ದಾರಿಯ ಗುಂಡಿಗಳನ್ನು ಮನಸ್ಸಿನಲ್ಲೇ ಎಣಿಸತೊಡಗುತ್ತಿದ್ದೆ.

ವೈಟ್‌ಫೀಲ್ಡ್ ರಸ್ತೆಯನ್ನು ಆಗ ಪೈಪಿಗೆಂದು ಒಮ್ಮೆ, ಕೇಬಲ್ಲಿಗೆಂದು ಇನ್ನೊಮ್ಮೆ ಅಗೆದು ಹಾಕಿದ್ದರು. ಪ್ರತಿ ಗುಂಡಿಗೂ ಜೀಪಿನಡಿಯಿಂದ ಟಣ್ ಎಂದು ಕಬ್ಬಿಣದ ಸದ್ದು ಬರುತ್ತಿತ್ತು. ಅದರ ಹಿಂದೆಯೇ ಅವರ ದನಿ. ಹಲ್ಲಿನ ನಡುವೆ ಟವೆಲ್ ಕಚ್ಚಿಕೊಂಡರೂ ಆ ದನಿ ಹೊರಗೆ ಬರುತ್ತಿತ್ತು. ಕನ್ನಡಿಯಲ್ಲಿ ನನಗೆ ಕಾಣುತ್ತಿದ್ದುದು ಅವರ ಪಾದಗಳು ಮಾತ್ರ, ಅವು ಸುಮ್ಮನೆ ಬಿದ್ದಿರುತ್ತಿದ್ದವು. ಎಷ್ಟು ನಿಧಾನ ಹೋದರೂ ಅಷ್ಟೇ. ಹಿಂದಿನವರು ಹಾರ್ನ್ ಹೊಡೆದು ಬೈಯುತ್ತಿದ್ದರು.

ಒಂದು ದಿನ ಮನೆಗೆ ಬಂದು ಮಲಗಿಸಿದ ಮೇಲೆ ಅವರು ಗೋಡೆಯ ಕಡೆ ಮುಖ ಮಾಡಿ ಹೇಳಿದರು. "ನಾನಿನ್ನು ಆಸ್ಪತ್ರೆಗೆ ಬರಲ್ಲ ಕಣೇ. ಸತ್ರೆ ಇಲ್ಲೇ ಸಾಯ್ತೀನಿ. ಆ ರೋಡಲ್ಲಿ ಬೇಡ."

ಅಂದೇ ಜೀಪನ್ನು ಮೆಕ್ಯಾನಿಕ್ ಹತ್ತಿರ ಒಯ್ದೆ. ಅವನು ಕೆಳಗೆ ತೂರಿ ನೋಡಿ, ಬುಷ್ ಪೂರ್ತಿ ಹೋಗಿದೆ ಎಂದ. ಗಾಡಿಯ ಚಾಸಿಯನ್ನೂ ಸ್ಪ್ರಿಂಗ್ ಪ್ಲೇಟನ್ನೂ ಸೇರಿಸುವ ಬೋಲ್ಟಿನ ಸುತ್ತ ಕೂರುವ ಸಣ್ಣ ಬಳೆಯಂಥದ್ದು ಅದು. ಅದು ಸವೆದು ಹೋದರೆ ಕಬ್ಬಿಣಕ್ಕೆ ಕಬ್ಬಿಣವೇ ಬಡಿಯುತ್ತದೆ. ಈ ಹಳೇ ಮಾಡೆಲ್ಲಿನದು ಇಲ್ಲಿ ಸಿಗುವುದಿಲ್ಲ, ಪೀಣ್ಯದಲ್ಲಿ ವಿಚಾರಿಸಿ, ತಂದುಕೊಟ್ಟರೆ ಹಾಕಿಕೊಡುತ್ತೇನೆ ಎಂದ.

ಮಾರನೆಯ ದಿನ ಆಫೀಸಿಗೆ ರಜಾ ಹಾಕಿ ಬಸ್ಸು ಬದಲಿಸುತ್ತಾ ಪೀಣ್ಯಕ್ಕೆ ಹೋದೆ. ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲ, ಎಲ್ಲೆಲ್ಲೂ ಧೂಳು. ಲೇತು, ಪ್ರೆಸ್ಸುಗಳ ಸದ್ದಿನ ನಡುವೆ ಕೇಳಿ ಕೇಳಿ ಒಂದು ರಬ್ಬರ್ ಸಾಮಾನಿನ ಅಂಗಡಿ ಹುಡುಕಿದೆ. ಅಂಗಡಿಯಾತ ಕೌಂಟರ್ ಮೇಲೆ ಎರಡು ಬಗೆ ಇಟ್ಟ. ಒಂದು ಕಪ್ಪು ರಬ್ಬರಿನದು. ಇನ್ನೊಂದು ಕೆಂಪಗೆ, ಗಟ್ಟಿ ಪ್ಲಾಸ್ಟಿಕ್ಕಿನ ಹಾಗಿತ್ತು, ಪಿಯು ಅಂತಾರೆ ಎಂದ.

"ಯಾವ್ದಕ್ಕೆ ಮೇಡಂ ಬೇಕಾಗಿರೋದು? ರೋಡಿಗಾ, ಆಫ್ ರೋಡಿಗಾ?"

ಅಂಗಡಿಯಿಂದಾಚೆ ಬಂದು ಗಂಡನಿಗೆ ಫೋನ್ ಮಾಡಿದೆ.

"ಪಿಯು ತಗೋ," ಎಂದರು ತಕ್ಷಣ. ಎಷ್ಟೋ ದಿನದ ಮೇಲೆ ಆ ದನಿಯಲ್ಲಿ ಜೀವವಿತ್ತು. "ರಬ್ಬರು ಕೆಸರಲ್ಲಿ ತಡಿಯಲ್ಲ. ಒಂದೆರಡು ಸಲ ಬಂಡೆ ಹತ್ಸಿದ್ರೆ ಹರಿದೇ ಹೋಗತ್ತೆ."

"ಗಟ್ಟಿ ಇದೆ ಕಣ್ರೀ. ಕುಲುಕಾಟ ಎಲ್ಲಾ ಮೇಲಕ್ಕೇ ಬರಲ್ವಾ?"

"ಈಗ ಬರ್ಲಿ ಬಿಡು. ನಾನು ಎದ್ಮೇಲೆ ಮತ್ತೆ ಬಿಚ್ಚಿ ಹಾಕ್ಸೋ ಕೆಲ್ಸ ಯಾಕೆ?"

ಎದ್ಮೇಲೆ. ಹಿಂದಿನ ದಿನ ಸಾಯುತ್ತೇನೆ ಎಂದಿದ್ದವರ ಬಾಯಲ್ಲಿ ಬಂದ ಮಾತು ಅದು. ಒಳಗೆ ಹೋಗಿ ಕೆಂಪು ಬುಷ್ ಕೈಗೆತ್ತಿಕೊಂಡೆ. ಉಗುರಿನಿಂದ ಒತ್ತಿದೆ, ಕಲ್ಲಿನ ಹಾಗಿತ್ತು. ಕಪ್ಪನೆಯದನ್ನು ಒತ್ತಿದೆ, ಸ್ವಲ್ಪ ತಗ್ಗಿತು. ಹಾಗೆ ಒತ್ತುತ್ತಾ ಒತ್ತುತ್ತಾ ಅಳು ಬಂದುಬಿಟ್ಟಿತು. ಅಂಗಡಿಯಾತ ಗಾಬರಿಯಾಗಿ ಕುರ್ಚಿ ತಂದಿಟ್ಟ. "ಮೇಡಂ, ಮೇಡಂ, ಯಾವ್ದಾದ್ರೂ ತಗೊಂಡ್ಹೋಗಿ, ಸರಿಯಾಗ್ಲಿಲ್ಲ ಅಂದ್ರೆ ಬದ್ಲಾಯ್ಸಿ ಕೊಡ್ತೀನಿ" ಎಂದ. ಏನನ್ನು ಬದಲಾಯಿಸಿ ಕೊಡುತ್ತಾನೆ ಅನ್ನಿಸಿತು. ಕಣ್ಣೊರೆಸಿಕೊಂಡು ರಬ್ಬರಿನದೇ ಕಟ್ಟಿಸಿಕೊಂಡೆ.

ಮೆಕ್ಯಾನಿಕ್ ಹಾಕಿಕೊಟ್ಟ. ಯಾವುದು ಹಾಕಿಸಿದೆ ಎಂದು ಅವರಿಗೆ ನಾನು ಹೇಳಲಿಲ್ಲ. ಬುಷ್ ಹೊಸದಾಯಿತೆಂದೋ ಏನೋ, ಮುಂದಿನ ಸಲ ಅವರು ತಕರಾರಿಲ್ಲದೆ ಆಸ್ಪತ್ರೆಗೆ ಹೊರಟರು. ಆದರೆ ಮೊದಲ ದೊಡ್ಡ ಗುಂಡಿ ಇಳಿದು ಏರುತ್ತಲೇ ನನ್ನ ಬೆನ್ನ ಹಿಂದಿನಿಂದ ಮಾತು ಬಂತು.

"ರಬ್ಬರ್ ಹಾಕ್ಸಿದೀಯ."

"ಹೂಂ."

"ನಾನ್ ಹೇಳಿದ್ದೇನು?"

ಗೇರು ಬದಲಿಸಿದೆ.

"ಅಂದ್ರೆ ನನ್ ಕಥೆ ಮುಗೀತು ಅಂತ ತೀರ್ಮಾನ ಮಾಡ್ಬಿಟ್ಟೆ. ಇನ್ನಿದು ಹೆಣ ಹೊರೋ ಗಾಡಿ, ಅಲ್ವಾ?"

ಜೀಪನ್ನು ನಡುರಸ್ತೆಯಲ್ಲೇ ನಿಲ್ಲಿಸಿಬಿಟ್ಟೆ. ಹಿಂದೆ ಐಟಿ ಕಂಪನಿಗಳ ಬಸ್ಸುಗಳೆಲ್ಲ ಅರಚತೊಡಗಿದವು. ತಿರುಗಿ ಕೂತು ಕೂಗಿದೆ. "ನೀವು ಎದ್ ನಿಂತ್ ದಿನ ಇದನ್ನ ಕಿತ್ತೆಸೀರಿ! ಯಾವ್ದ್ ಬೇಕೋ ಹಾಕ್ಕೊಳ್ಳಿ! ಅಲ್ಲೀವರ್ಗೂ ಓಡ್ಸೋಳು ನಾನು. ನೀವು ಕಿರುಚೋದ್ ಕೇಳ್ಕೊಂಡು ಇನ್ನೊಂದಿನ ಸ್ಟೇರಿಂಗ್ ಹಿಡಿಯೋಕೆ ನನ್ ಕೈಲಾಗಲ್ಲ."

ಗದರಲೆಂದು ಬಂದ ಟ್ರಾಫಿಕ್ ಪೊಲೀಸ್ ಕಿಟಕಿಯಲ್ಲಿ ಬಗ್ಗಿ, ಹಾಸಿಗೆಯ ಮೇಲಿದ್ದವರನ್ನು ನೋಡಿದ. ಪಕ್ಕದ ಸಾಲಿನ ಗಾಡಿಗಳನ್ನು ಕೈಯೊಡ್ಡಿ ತಡೆದು, "ಹೋಗಮ್ಮ ನೀನು" ಎಂದ.

ಅವರು ನನ್ನ ಜೊತೆ ಮಾತು ಬಿಟ್ಟರು. ಮಾತ್ರೆ ಕೊಟ್ಟರೆ ನುಂಗುವರು, ಅನ್ನ ಕಲಸಿ ಕೊಟ್ಟರೆ ತಿನ್ನುವರು, ಅಷ್ಟೇ. ರಬ್ಬರಿನಿಂದ ನೋವು ಪೂರ್ತಿ ಹೋಯಿತೆಂದು ಹೇಳಲಾರೆ. ದೊಡ್ಡ ಗುಂಡಿಗಳಿಗೆ ಆಗಲೂ ಟವೆಲ್ ಬೇಕಾಗುತ್ತಿತ್ತು. ಸಣ್ಣವು ಮಾತ್ರ ತಿಳಿಯದಂತೆ ದಾಟುತ್ತಿದ್ದವು. ಸದ್ಯ, ಆಸ್ಪತ್ರೆಗೆ ಬರುವುದಿಲ್ಲ ಎಂದು ಮತ್ತೆ ಅನ್ನಲಿಲ್ಲ.

ಹೀಗೇ ಒಂದು ಮಧ್ಯಾಹ್ನ ವಾಪಸು ಬರುವಾಗ ಹಿಂದಿನಿಂದ ಗೊರಕೆ ಕೇಳಿಸಿತು. ಕಾಯಿಲೆ ಶುರುವಾದಾಗಿನಿಂದ ಅವರು ಮಾತ್ರೆಯಿಲ್ಲದೆ ನಿದ್ದೆ ಮಾಡಿದ್ದೇ ಇಲ್ಲ. ನಮ್ಮ ಗಲ್ಲಿ ಬಂತು. ನಿಲ್ಲಿಸಿದರೆ ಹಲಗೆ, ಎತ್ತುವುದು, ನೋವು, ಎಲ್ಲಾ ಮತ್ತೆ ಶುರು. ತಿರುಗಿಸದೆ ಮುಂದೆ ಹೋದೆ. ಗುಂಡಿ ಕಮ್ಮಿಯಿದ್ದ ಕಡೆ ಹುಡುಕಿಕೊಂಡು, ಕಂಪನಿಗಳ ಕಾಂಪೌಂಡು ಸುತ್ತಿ, ಹೋದ ರಸ್ತೆಯಲ್ಲೇ ಮತ್ತೆ ಮತ್ತೆ ಹೋದೆ. ಡೀಸೆಲ್ ಮುಳ್ಳು ಕೆಳಗಿಳಿಯುತ್ತಿತ್ತು. ಎಚ್ಚರವಾದಾಗ ಅವರು, "ಇನ್ನೂ ಮನೆ ಬಂದಿಲ್ವೇನೇ?" ಎಂದರು. ಎಷ್ಟೋ ದಿನದ ಮೇಲೆ ಆಡಿದ ಮೊದಲ ಮಾತು.

"ಟ್ರಾಫಿಕ್ಕು," ಎಂದೆ.

ಆ ಮಳೆಗಾಲ ಕಳೆದ ಮೇಲೆ ಬಲಗಾಲಿನ ಹೆಬ್ಬೆರಳು ಅಲುಗಿತು. ಆಮೇಲೆ ಮಂಡಿ, ಆಮೇಲೆ ವಾಕರ್ ಹಿಡಿದು ನಿಂತರು. ಎಡಗಾಲು ಮಾತ್ರ ಪೂರ್ತಿ ಬರಲೇ ಇಲ್ಲ. ಕ್ಲಚ್ ಒತ್ತಲಾಗದೆ ಅವರು ಜೀಪು ಓಡಿಸುವುದು ನಿಂತುಹೋಯಿತು, ರಬ್ಬರಿನ ಬುಷ್ ಹಾಗೇ ಉಳಿಯಿತು. ನಾನು ಓಡಿಸುತ್ತೇನೆ, ಅವರು ಪಕ್ಕದ ಸೀಟಿನಲ್ಲಿ ಕೂತು, ಗೇರು ಬದಲಿಸಿದ್ದು ತಡವಾಯಿತೆಂದು ಬೈಯುತ್ತಾರೆ.